ಇನ್ಸ್‌ಬ್ರುಕ್‌ನಲ್ಲಿ ಒಂದೇ ದಿನ ಇದ್ರೆ ಆಂಬ್ರಾಸ್ ಕೋಟೆಗೆ ಹೋಗಬಹುದಾ?

ಮೈಸೂರ್_ಪಾಕ:
ಜೂನ್‌ನಲ್ಲಿ ಅಪ್ಪ ಅಮ್ಮನ್ನ ಕರ್ಕೊಂಡು ಮ್ಯೂನಿಕ್‌ನಿಂದ ವೆನಿಸ್‌ಗೆ ರೈಲಲ್ಲಿ ಹೋಗ್ತಿದ್ದೇವೆ. ಮಧ್ಯೆ ಆಸ್ಟ್ರಿಯಾದ ಇನ್ಸ್‌ಬ್ರುಕ್‌ನಲ್ಲಿ ಒಂದು ದಿನ ಇಳಿಯುವ ಯೋಚನೆ ಇದೆ. ಟೂರ್ ಹೋಗಿ ಬಂದವರೆಲ್ಲ ಪಕ್ಕದ ವಾಟೆನ್ಸ್‌ನಲ್ಲಿರುವ ಸ್ವರೋವ್‌ಸ್ಕಿ ಹರಳಿನ ಮ್ಯೂಸಿಯಂ ನೋಡಿ ಅಂತಾರೆ. ಅಪ್ಪ ಇತಿಹಾಸದ ಮೇಷ್ಟ್ರಾಗಿ ರಿಟೈರ್ ಆದವರು, ಅವರಿಗೆ ಆಂಬ್ರಾಸ್ ಕೋಟೆಯ ಹುಚ್ಚು ಹತ್ತಿದೆ. ಅಮ್ಮನಿಗೆ ಮೊಣಕಾಲು ನೋವು. ನನ್ನ ಪ್ರಶ್ನೆ ಇಷ್ಟೆ, ಆ ಕೋಟೆ ಒಳಗೆ ನೋಡುವಂಥದ್ದು ಏನಿದೆ? ಯುರೋಪಿನ ಅರಮನೆ ಅಂದ್ರೆ ಚಿನ್ನದ ಬಣ್ಣದ ಕುರ್ಚಿ, ಗಾಜಿನ ದೀಪ, ಒಂದು ಮಂಚ, ಆಮೇಲೆ ಇನ್ನೊಂದು ಮಂಚ. ಅದೇ ಆದ್ರೆ ನನಗೆ ಬೇಡ.

ಬಜೆಟ್_ಬಸವ:
ಹರಳು ನೋಡ್ಕೊಂಡು ಬನ್ನಿ ಮೇಡಂ. ಅಮ್ಮನಿಗೆ ಖುಷಿ ಆಗುತ್ತೆ, ಫೋಟೋ ಚೆನ್ನಾಗಿ ಬರುತ್ತೆ, ಮುಗೀತು. ನಾವು ಪ್ಯಾಕೇಜ್‌ನಲ್ಲಿ ಹೋದಾಗ ಇನ್ಸ್‌ಬ್ರುಕ್‌ಗೆ ಕೊಟ್ಟ ಟೈಮ್ ಬರೀ ಒಂದೂವರೆ ಗಂಟೆ. ಊರ ನಡುವೆ ಇರುವ ಹೆಸರಾಂತ ಚಿನ್ನದ ಚಾವಣಿ ಕೆಳಗೆ ನಿಂತು ಐಸ್‌ಕ್ರೀಂ ತಿಂದೆವು, ಬಸ್ ಹತ್ತಿದೆವು. ಕೋಟೆ ಇದೆ ಅನ್ನೋದೇ ನಮ್ಮ ಗೈಡ್ ಹೇಳಲಿಲ್ಲ. ಅಂದ ಹಾಗೆ ಆ ಚಾವಣಿ ಚಿನ್ನದ್ದಲ್ಲ, ತಾಮ್ರದ ಹೆಂಚಿಗೆ ಚಿನ್ನದ ಲೇಪ. 2,657 ಹೆಂಚು ಅಂತೆ. ಎಣಿಸೋಕೆ ಹೋಗಬೇಡಿ.

ಇನ್_ನದಿಯ_ದಂಡೆ:
ನಾನು ಇದೇ ಊರಲ್ಲಿರೋದು. ಊರಿಂದ ಯಾರೇ ಬಂದ್ರೂ ಆಂಬ್ರಾಸ್‌ಗೆ ಕರ್ಕೊಂಡು ಹೋಗ್ತೀನಿ, ಆದ್ದರಿಂದ ಇದು ಸ್ವಲ್ಪ ಉದ್ದ ಆಗುತ್ತೆ, ಸಹಿಸಿಕೊಳ್ಳಿ.

ಬಸವ ಅವರೇ, ಹರಳಿನ ಜಾಗ ಚೆನ್ನಾಗಿಲ್ಲ ಅಂತ ನಾನು ಹೇಳಲ್ಲ. ಅದು 1995ರಲ್ಲಿ ತೆರೆದದ್ದು, ಹೊಳೆಯುತ್ತೆ, ಚೆನ್ನಾಗಿದೆ. ಆದರೆ ಹೊಳೆಯುವ ಜಾಗ ಬೇರೆ ಕಡೆಯೂ ಸಿಗುತ್ತೆ. ಆಂಬ್ರಾಸ್ ಥರದ್ದು ಸಿಗಲ್ಲ.

ಮಂಚದ ಭಯ ಬಿಡಿ. ಬಹಳಷ್ಟು ಕಡೆ ಏನಾಗಿರುತ್ತೆ ಅಂದ್ರೆ, ರಾಜ ಸತ್ತ, ವಂಶ ಮುಗೀತು, ಸರ್ಕಾರದ ಕೈಗೆ ಬಂದ ಕಟ್ಟಡವನ್ನ ಏನು ಮಾಡೋದು ಅಂತ ತಿಳಿಯದೆ ಮ್ಯೂಸಿಯಂ ಮಾಡಿಬಿಡ್ತಾರೆ. ಇಲ್ಲಿ ಹಾಗಲ್ಲ. ಇಲ್ಲಿ ರಾಜನೇ ಬದುಕಿದ್ದಾಗ ತನ್ನ ಸಂಗ್ರಹವನ್ನ ಜನರಿಗೆ, ಅಂದ್ರೆ ತನ್ನ ಅತಿಥಿಗಳಿಗೆ, ತೋರಿಸೋಕೆ ಅಂತಲೇ ಬೇರೆ ಕಟ್ಟಡ ಕಟ್ಟಿಸಿದ. ಅವನು ಆಸ್ಟ್ರಿಯಾ ಆಳುತ್ತಿದ್ದ ಹ್ಯಾಬ್ಸ್‌ಬರ್ಗ್ ಮನೆತನದ ಆರ್ಚ್‌ಡ್ಯೂಕ್ (ಆ ಮನೆತನದ ರಾಜಕುಮಾರರ ಬಿರುದು) ಎರಡನೇ ಫರ್ಡಿನೆಂಡ್, 1529ರಲ್ಲಿ ಹುಟ್ಟಿ 1595ರಲ್ಲಿ ತೀರಿಹೋದವನು. ಇಪ್ಪತ್ತು ವರ್ಷ ಪ್ರಾಗ್‌ನಲ್ಲಿ ಅಪ್ಪನ, ಆಮೇಲೆ ಅಣ್ಣನ ಪರವಾಗಿ ಆಡಳಿತ ನೋಡಿಕೊಂಡು, 1567ರಲ್ಲಿ ಟಿರೋಲ್ ಪ್ರಾಂತ್ಯದ ದೊರೆಯಾಗಿ ಇಲ್ಲಿಗೆ ಬಂದ. ಬೆಟ್ಟದ ಮೇಲಿದ್ದ ಹಳೇ ಕಾಲದ ಕೋಟೆಯನ್ನ ಇಟಲಿಯ ಆಗಿನ ಹೊಸ ಶೈಲಿಯಲ್ಲಿ ವಾಸದ ಅರಮನೆ ಮಾಡಿಸಿದ. ಅದರ ಕೆಳಗೆ ಆಯುಧ, ಕವಚ, ಪುಸ್ತಕ, ವಿಚಿತ್ರ ವಸ್ತು ಇಡೋಕೆ ಸಾಲಾಗಿ ಕಟ್ಟಡ ಎಬ್ಬಿಸಿದ. ಪ್ರಪಂಚದ ಅತಿ ಹಳೇ ಮ್ಯೂಸಿಯಂಗಳ ಪಟ್ಟಿಯಲ್ಲಿ ಆಂಬ್ರಾಸ್ ಹೆಸರು ಬರೋದು ಅದಕ್ಕೇ.

ಆ ವಿಚಿತ್ರ ವಸ್ತುಗಳ ಕೋಣೆ ಇದೆಯಲ್ಲ, ಅದೇ ಮುಖ್ಯ. ಫರ್ಡಿನೆಂಡನ ಕಾಲದಲ್ಲಿ ಕೋಣೆ ಮಧ್ಯೆ ನೆಲದಿಂದ ಚಾವಣಿವರೆಗೂ ಬೀರುಗಳು ಬೆನ್ನಿಗೆ ಬೆನ್ನು ಕೊಟ್ಟು ನಿಂತಿದ್ದವು. ಎರಡೂ ಬದಿ ಕಿಟಕಿ, ಹಗಲಿನ ಬೆಳಕು ನೇರ ವಸ್ತುಗಳ ಮೇಲೆ. ಒಂದೊಂದು ಬೀರುವಿನ ಒಳಗೋಡೆಗೆ ಒಂದೊಂದು ಬಣ್ಣ. ಜೋಡಿಸಿದ್ದು ಯಾವ ದೇಶದ್ದು ಅಂತ ಅಲ್ಲ, ಎಷ್ಟು ಹಳೇದು ಅಂತಲೂ ಅಲ್ಲ, ಯಾವುದರಿಂದ ಮಾಡಿದ್ದು ಅಂತ ನೋಡಿ. ಚಿನ್ನದ್ದೆಲ್ಲ ಒಂದು ಕಡೆ, ಬೆಳ್ಳಿಯದ್ದು ಒಂದು ಕಡೆ, ಮರದ್ದು, ಗಾಜಿನದ್ದು, ಹವಳದ್ದು, ಕಬ್ಬಿಣದ್ದು. ನಮ್ಮ ಮನೆಗಳಲ್ಲಿ ದಸರಾ ಗೊಂಬೆ ಕೂರಿಸುವಾಗ ಪಟ್ಟದ ಗೊಂಬೆ ಪಕ್ಕದಲ್ಲೇ ಪ್ಲಾಸ್ಟಿಕ್ ಕ್ರಿಕೆಟ್ ಟೀಮ್ ಕೂರುತ್ತಲ್ಲ, ಇಲ್ಲೂ ಹಾಗೇ, ಅತಿ ಬೆಲೆಯದ್ದರ ಪಕ್ಕ ಸುಮ್ನೆ ಮೋಜಿನದ್ದು.

ಒಂದೆರಡು ಹೇಳ್ತೀನಿ. ಒಂದು ಮರದ ಬೊಡ್ಡೆ ಇದೆ, ಅದರೊಳಗೆ ಜಿಂಕೆಯ ಕೊಂಬು ಸಿಕ್ಕಿಕೊಂಡು, ಮರ ಅದರ ಸುತ್ತಲೇ ಬೆಳೆದುಬಿಟ್ಟಿದೆ. ಕೊಂಬಿನ ತುದಿ ತೊಗಟೆಯಿಂದ ಹೊರಗೆ ಚಾಚಿಕೊಂಡಿರುತ್ತೆ. ಮನುಷ್ಯ ಮಾಡಿದ್ದಾ, ತಾನಾಗೇ ಆಗಿದ್ದಾ ಅಂತ ಅತಿಥಿಗಳು ತಲೆ ಕೆಡಿಸಿಕೊಳ್ಳಲಿ ಅನ್ನೋದೇ ದೊರೆಯ ಆಸೆ. ಮತ್ತೊಂದು ಕಡೆ ಗೇಣುದ್ದದ ಒಂದು ಬೊಂಬೆ, ಸಾವಿನ ದೇವರು, ಕೈಯಲ್ಲಿ ಬಿಲ್ಲು. ಹಾನ್ಸ್ ಲೈನ್‌ಬರ್ಗರ್ ಅನ್ನೋ ಶಿಲ್ಪಿ ಪೇರ್ ಹಣ್ಣಿನ ಮರದಲ್ಲಿ ಕೆತ್ತಿದ್ದು. ಪಕ್ಕೆಲುಬಿನ ಮೇಲೆ ಒಣಗಿ ಹರಿದ ಚರ್ಮ ಜೋತಾಡುತ್ತೆ, ಅದೂ ಮರದ್ದೇ. ಹತ್ತಿರ ಬಗ್ಗಿ ನೋಡಿ, ಮರ ಅಷ್ಟು ತೆಳುವಾಗೋಕೆ ಸಾಧ್ಯನಾ ಅನಿಸುತ್ತೆ.

ಇನ್ನು ಕಬ್ಬಿಣದ ಕುರ್ಚಿ. ಕೋಟೆಯ ಕೆಳಗೆ ಮದ್ಯದ ದೇವರು ಬಾಕಸ್‌ನ ಹೆಸರಲ್ಲಿ ಒಂದು ಗುಹೆ ಇತ್ತು. ಹೊಸದಾಗಿ ಬಂದ ಅತಿಥಿಯನ್ನ ಅಲ್ಲಿ ಈ ಕುರ್ಚಿ ಮೇಲೆ ಕೂರಿಸ್ತಿದ್ದರು. ಕೂತ ತಕ್ಷಣ ಕಬ್ಬಿಣದ ತೋಳುಗಳು ಮುಚ್ಚಿಕೊಂಡು ಹಿಡಿದುಬಿಡುತ್ತಿದ್ದವು. ಒಂದು ಪಾತ್ರೆ ವೈನನ್ನ ಒಂದೇ ಗುಟುಕಿಗೆ ಕುಡಿದರೆ ಬಿಡುಗಡೆ. ಗಂಡಸರಿಗೆ ಪೀಪಾಯಿ ಆಕಾರದ ಪಾತ್ರೆ, ಹೆಂಗಸರಿಗೆ ಹಡಗಿನ ಆಕಾರದ್ದು. ಕುಡಿದಾದ ಮೇಲೆ ಪುಸ್ತಕದಲ್ಲಿ ಸಹಿ ಹಾಕಬೇಕು. ಆ ಸಹಿ ಪುಸ್ತಕಗಳು ಈಗಲೂ ಇವೆ, ಒಬ್ಬೊಬ್ಬರ ಕೈಬರಹ ನೋಡಿದರೆ ಎಷ್ಟು ಏರಿತ್ತು ಅಂತ ಗೊತ್ತಾಗುತ್ತೆ.

ಬಜೆಟ್_ಬಸವ:
ಕುರ್ಚಿ ವಿಷಯ ಮೊದಲೇ ಹೇಳಬಾರದಾ! ಪ್ಯಾಕೇಜ್‌ನವರು ಇದನ್ನ ತೋರಿಸಿದ್ರೆ ನಮ್ಮ ಗುಂಪಿನ ಅರ್ಧ ಜನ ಬಸ್ಸೇ ಹತ್ತುತ್ತಿರಲಿಲ್ಲ.

ಮೈಸೂರ್_ಪಾಕ:
ಅಪ್ಪನಿಗೆ ಓದಿ ಹೇಳಿದೆ, ಅವರು ಈಗಲೇ ಬ್ಯಾಗ್ ರೆಡಿ ಮಾಡ್ತಿದ್ದಾರೆ. ಅಮ್ಮ ಕೇಳ್ತಿರೋದು ಎರಡು. ಹತ್ತೋದು ಎಷ್ಟಿದೆ? ಎರಡನೇದು, "ರಾಜಂದು ಆಯ್ತು, ರಾಣಿ ಏನು ಮಾಡ್ತಿದ್ದಳು?"

ಇನ್_ನದಿಯ_ದಂಡೆ:
ಅಮ್ಮ ಒಳ್ಳೇ ಪ್ರಶ್ನೆ ಕೇಳಿದ್ದಾರೆ. ನಿಜ ಹೇಳಬೇಕಂದ್ರೆ ಕೋಟೆ ಆಕೆಯದ್ದೇ. ಫಿಲಿಪ್ಪೀನ ವೆಲ್ಸರ್ ಅಂತ ಹೆಸರು. ರಾಜಮನೆತನದವಳಲ್ಲ, ಆಗ್ಸ್‌ಬರ್ಗ್ ಊರಿನ ದೊಡ್ಡ ವ್ಯಾಪಾರಿ ಮನೆತನದ ಹುಡುಗಿ. ಚಕ್ರವರ್ತಿಯ ಮಗ ವ್ಯಾಪಾರಿಯ ಮಗಳನ್ನ ಮದುವೆ ಆಗೋದು ಅಂದ್ರೆ ಆಗ ದೊಡ್ಡ ಹಗರಣ. 1557ರಲ್ಲಿ ಬೊಹೀಮಿಯಾದಲ್ಲಿ ಗುಟ್ಟಾಗಿ ಮದುವೆ ಆಯಿತು. ಚಕ್ರವರ್ತಿಗೆ ಗೊತ್ತಾದ ಮೇಲೆ, ಗುಟ್ಟು ಬಿಡಬಾರದು, ಮಕ್ಕಳಿಗೆ ಟಿರೋಲ್ ಗದ್ದುಗೆಯ ಹಕ್ಕಿಲ್ಲ ಅನ್ನೋ ಷರತ್ತು ಹಾಕಿ ಒಪ್ಪಿದ. ಹುಟ್ಟಿದ ಮಕ್ಕಳನ್ನ ಬಾಗಿಲ ಮುಂದೆ ಮಲಗಿಸಿ, ಯಾರೋ ಬಿಟ್ಟುಹೋದ ಕೂಸು ಸಿಕ್ತು ಅಂತ ಮನೆಗೆ ತಂದುಕೊಂಡರು ಅನ್ನೋ ಕಥೆ ಇದೆ. ಹೆತ್ತ ತಾಯಿ ತನ್ನ ಮಗುವನ್ನೇ ದತ್ತು ತಗೊಂಡ ಹಾಗೆ ನಟಿಸಬೇಕು. 1576ರಲ್ಲಿ ಪೋಪ್ ಗುಟ್ಟು ಕಾಯುವ ಆ ಆಣೆಯಿಂದ ಬಿಡಿಸಿದ, ನಾಲ್ಕು ವರ್ಷಕ್ಕೆ ಆಕೆ ತೀರಿಹೋದಳು.

ಆಂಬ್ರಾಸ್ ಕೋಟೆಯನ್ನ 1564ರಲ್ಲಿ ಫರ್ಡಿನೆಂಡ್ ಆಕೆಯ ಹೆಸರಿಗೆ ಬರೆದುಕೊಟ್ಟ. ಮೇಲಿನ ಕೋಟೆಯ ನೆಲ ಅಂತಸ್ತಿನಲ್ಲಿ ಆಕೆಯ ಬಚ್ಚಲುಮನೆ ಇದೆ, ಅದನ್ನ ಅಮ್ಮನಿಗೆ ತೋರಿಸಲೇಬೇಕು. ನೆಲದಲ್ಲಿ ಇಳಿದ ತೊಟ್ಟಿ, ಒಳಗೆಲ್ಲ ಲೋಹದ ತಗಡು, ಒಬ್ಬರು ನಿಂತರೆ ಹೆಚ್ಚುಕಡಿಮೆ ಮುಳುಗುವಷ್ಟು ಆಳ. ಹದಿನಾರನೇ ಶತಮಾನದ್ದು ಇಷ್ಟು ಚೆನ್ನಾಗಿ ಉಳಿದಿರೋದು ಅಪರೂಪ. ಗಿಡಮೂಲಿಕೆ ಹಾಕಿದ ನೀರಲ್ಲಿ ಸ್ನಾನ. ಆಕೆಗೆ ಔಷಧಿ ಗಿಡಗಳ ಜ್ಞಾನ ಚೆನ್ನಾಗಿತ್ತು, ಊರಿನವರಿಗೂ ಮದ್ದು ಕೊಡುತ್ತಿದ್ದಳು. ಆಕೆಯ ಹೆಸರಿನ ಅಡುಗೆ ಪುಸ್ತಕದ ಹಸ್ತಪ್ರತಿ ಈಗಲೂ ಇದೇ ಕೋಟೆಯ ಸಂಗ್ರಹದಲ್ಲಿದೆ, ಸುಮಾರು 1545ರ ಹೊತ್ತಿನದ್ದು, ಮದುವೆಗಿಂತ ಮುಂಚಿನದು. ಮದ್ದಿನ ಪುಸ್ತಕವೂ ಇದೆ. ನನ್ನ ಕೇಳಿದರೆ ರಾಜನ ಕವಚಗಳಿಗಿಂತ ಇದೇ ಜಾಸ್ತಿ ಇಷ್ಟ.

ಮೊಣಕಾಲಿಗೆ: ಕೆಳಗಿನ ಕಟ್ಟಡಗಳಿಂದ ಮೇಲಿನ ಕೋಟೆಗೆ ಏರು ದಾರಿ, ಒಳಗೂ ಮೆಟ್ಟಿಲು ಇವೆ. ಒಂದೇ ಉಸಿರಿಗೆ ಎಲ್ಲ ನೋಡಬೇಡಿ. ಮೊದಲು ಕೆಳಗೆ ಕವಚ ಮತ್ತು ವಿಚಿತ್ರ ವಸ್ತುಗಳ ಕೋಣೆ, ಆಮೇಲೆ ಸ್ಪ್ಯಾನಿಷ್ ಹಾಲ್ ಅನ್ನೋ ದೊಡ್ಡ ಸಭಾಂಗಣ, ಅಲ್ಲೇ ಕೆಫೆಯಲ್ಲಿ ಕೂತು ಕಾಫಿ, ಆಮೇಲೆ ಮೇಲಕ್ಕೆ. ಇನ್ಸ್‌ಬ್ರುಕ್‌ನಿಂದ ಇಗ್ಲ್ಸ್ ಹಳ್ಳಿಗೆ ಕಾಡಿನ ಮಧ್ಯೆ ಹೋಗುವ ಟ್ರಾಮ್ ಇದೆ, ಆ ಪ್ರಯಾಣ ಚೆಂದ, ಆದರೆ ಇಳಿದ ಮೇಲೆ ನಡೀಬೇಕು. ಅಮ್ಮನ ಜೊತೆ ಇದ್ದರೆ ಟ್ಯಾಕ್ಸಿ ಮಾಡಿ, ಊರಿಂದ ದೂರ ಇಲ್ಲ.

ತುಂಗಾ_ತೀರ:
ಎಲ್ಲರೂ ಹೊಗಳ್ತಿದ್ದೀರಿ, ನಾನೊಂದು ಬೇರೆ ಮಾತು ಹೇಳ್ತೀನಿ. ನಾನು ಆಂಬ್ರಾಸ್ ನೋಡಿದ್ದೇನೆ. ಕೋಟೆ ಚೆಂದ, ಬೆಟ್ಟ ಚೆಂದ. ಆದರೆ ಅಲ್ಲಿಟ್ಟಿರುವ ಕೆಲವು ಮನುಷ್ಯರ ಚಿತ್ರಗಳು ನನಗೆ ಹಿಡಿಸಲಿಲ್ಲ. ಮುಖ ತುಂಬಾ ಕೂದಲಿರುವ ಒಬ್ಬ ಮನುಷ್ಯ, ಅವನ ಮಕ್ಕಳಿಗೂ ಹಾಗೇ. ಕಣ್ಣಿನ ಮೂಲಕ ಈಟಿ ತೂರಿಸಿಕೊಂಡು ನಿಂತಿರುವ ಇನ್ನೊಬ್ಬ. ಕೈಕಾಲು ಸ್ವಾಧೀನ ಇಲ್ಲದ ಒಬ್ಬನನ್ನ ಬೆತ್ತಲೆ ಮಲಗಿಸಿ ಬರೆದ ಚಿತ್ರ. ಪಕ್ಕದಲ್ಲಿ ಶಾಲೆ ಮಕ್ಕಳು ನಗ್ತಿದ್ದರು. ಸರ್ಕಸ್ಸಿನ ಡೇರೆಯಲ್ಲಿ ಟಿಕೆಟ್ ಇಟ್ಟು ತೋರಿಸುತ್ತಿದ್ದರಲ್ಲ, ಅದಕ್ಕೂ ಇದಕ್ಕೂ ಏನು ವ್ಯತ್ಯಾಸ? ಹೇಳಿ ನೋಡೋಣ. ಇಂಥದ್ದನ್ನ ಇನ್ನೂ ಗೋಡೆಗೆ ಹಾಕಬೇಕಾ?

ಹಳೇ_ಬ್ಯಾಚ್_ಡಾಕ್ಟರ್:
ನಾನು ಚರ್ಮರೋಗದ ಡಾಕ್ಟರು. ಆ ಕೂದಲಿನ ಮನುಷ್ಯನ ಬಗ್ಗೆ ಹೇಳೋದಿದೆ.

ಅವನ ಹೆಸರು ಪೇತ್ರುಸ್ ಗೊನ್ಸಾಲ್ವುಸ್. ಹುಟ್ಟಿದ್ದು ಕೆನರಿ ದ್ವೀಪಗಳ ಟೆನೆರಿಫ್‌ನಲ್ಲಿ. ಹುಡುಗನಾಗಿದ್ದಾಗಲೇ ಫ್ರಾನ್ಸಿನ ದೊರೆ ಎರಡನೇ ಹೆನ್ರಿಯ ಆಸ್ಥಾನಕ್ಕೆ ತಂದರು. ಕಾಡುಮನುಷ್ಯ ಅಂತ ತಂದದ್ದು, ಆದರೆ ದೊರೆ ಅವನಿಗೆ ಓದು ಕಲಿಸಿದ, ಲ್ಯಾಟಿನ್ ಕಲಿಸಿದ. ಅವನು ಮದುವೆಯಾದ, ಮಕ್ಕಳಾದವು, ಕೆಲವು ಮಕ್ಕಳಿಗೂ ಅದೇ ಕೂದಲು. ಅವನು ಆಂಬ್ರಾಸ್‌ಗೆ ಬಂದವನಲ್ಲ, ಬಂದದ್ದು ಚಿತ್ರ ಮಾತ್ರ. ಆದರೂ ನೋಡಿ, ಹುಟ್ಟಿನಿಂದ ಮೈತುಂಬಾ ಕೂದಲು ಬೆಳೆಯುವ ಅಪರೂಪದ ಸ್ಥಿತಿಗೆ ನಮ್ಮ ವೈದ್ಯ ಪುಸ್ತಕಗಳಲ್ಲಿ "ಆಂಬ್ರಾಸ್ ಸಿಂಡ್ರೋಮ್" ಅಂತ ಹೆಸರು ಬಿದ್ದಿದೆ. ಮನುಷ್ಯ ಕಾಲಿಡದ ಕೋಟೆಯ ಹೆಸರು ಅವನ ಕಾಯಿಲೆಗೆ.

ತುಂಗಾ ಮೇಡಂ ಹೇಳಿದ್ದರಲ್ಲಿ ಅರ್ಧ ಒಪ್ತೀನಿ. ದೊರೆ ಸಂಗ್ರಹಿಸಿದ್ದು ಕುತೂಹಲಕ್ಕೆ, ಕರುಣೆಗಲ್ಲ. ಆದರೆ ಆ ಚಿತ್ರದಲ್ಲಿ ಗೊನ್ಸಾಲ್ವುಸ್ ಹಾಕಿರುವ ಬಟ್ಟೆ ನೋಡಿದ್ರಾ? ಗೌರವಸ್ಥ ಆಸ್ಥಾನಿಕನ ಉಡುಪು. ಹಿಂದೆ ಮಾತ್ರ ಬಂಡೆ, ಗುಹೆ ಥರ ಬರೆದಿದ್ದಾರೆ. ಮೈಮೇಲೆ ಆಸ್ಥಾನ, ಬೆನ್ನ ಹಿಂದೆ ಕಾಡು. ನೋಡುವವನಿಗೆ ಅವನನ್ನ ಎಲ್ಲಿ ಇಡಬೇಕು ಅಂತ ಗೊತ್ತಾಗದೆ ಹೋಗಿರೋದು ಒಂದೇ ಚಿತ್ರದಲ್ಲಿ ಕಾಣುತ್ತೆ. ಇದನ್ನ ಗೋಡೆಯಿಂದ ತೆಗೆದು ಗೋದಾಮಿಗೆ ಹಾಕಿದರೆ ಅವನಿಗೆ ಮರ್ಯಾದೆ ಬರುತ್ತಾ? ನನಗೆ ಹಾಗೆ ಅನಿಸಲ್ಲ.

ತುಂಗಾ_ತೀರ:
ಡಾಕ್ಟರೇ, ನೀವು ಬಟ್ಟೆ ಹಾಕಿದವನ ಬಗ್ಗೆ ಹೇಳಿದಿರಿ. ಬಟ್ಟೆ ಹಾಕದವನ ಬಗ್ಗೆ ಏನಂತೀರಿ? ನನ್ನ ತಮ್ಮ ವೀಲ್‌ಚೇರಿನಲ್ಲಿ ಇರುವವನು. ಅವನನ್ನ ಆ ಚಿತ್ರದ ಮುಂದೆ ಕರ್ಕೊಂಡು ಹೋಗಿ ನಿಲ್ಲಿಸಲಾ?

ಇನ್_ನದಿಯ_ದಂಡೆ:
ತುಂಗಾ ಅಕ್ಕ, ನಿಮ್ಮ ಸಿಟ್ಟು ಸರಿಯಾದದ್ದೇ. ಆ ಚಿತ್ರಕ್ಕೆ ಇನ್ನೂ ಒಂದು ಕೆಟ್ಟ ಸಂಗತಿ ಇದೆ. ಆ ಕಾಲದಲ್ಲಿ ಅವನ ಮೈಮೇಲೆ ಕೆಂಪು ಕಾಗದ ಅಂಟಿಸಿದ್ದರು. ಕತ್ತಿನ ಸುತ್ತ ಸಾಹುಕಾರರ ನೆರಿಗೆ ಕಾಲರು, ತಲೆಗೆ ಟೋಪಿ, ಅಷ್ಟೇ ಕಾಣುತ್ತಿತ್ತು. ಅತಿಥಿ ಕಾಗದ ಎತ್ತಿದರೆ ಕೆಳಗೆ ಬೆತ್ತಲೆ ಮೈ. ಎತ್ತಿ ನೋಡಿ ಬೆಚ್ಚಿಬೀಳಲಿ ಅಂತಲೇ ಮಾಡಿದ ಏರ್ಪಾಡು.

ಆದರೆ ಇದರ ಮುಂದಿನದ್ದನ್ನೂ ಕೇಳಿ. 2006ರಲ್ಲಿ ಆಂಬ್ರಾಸ್‌ನಲ್ಲೇ ಈ ಒಂದು ಚಿತ್ರವನ್ನ ಮಧ್ಯೆ ಇಟ್ಟುಕೊಂಡು ಒಂದು ಪ್ರದರ್ಶನ ಆಯಿತು. ಇನ್ಸ್‌ಬ್ರುಕ್ ವಿಶ್ವವಿದ್ಯಾಲಯದ ಸಂಶೋಧಕರ ಜೊತೆ ಅಂಗವಿಕಲರೂ ಸೇರಿ ಕೆಲಸ ಮಾಡಿದ್ದರು. ನಾನೂರು ವರ್ಷದಿಂದ ಅವನನ್ನ ಎಲ್ಲರೂ ನೋಡಿದ್ದಾರೆ, ನಾವು ಮಾತ್ರ ಅವನ ಬಗ್ಗೆ ಮಾತಾಡಿಲ್ಲ, ಈಗ ಮಾತಾಡೋಣ ಅನ್ನುವ ಥರದ ಕೆಲಸ. ನಿಮ್ಮ ತಮ್ಮನ್ನ ಕರ್ಕೊಂಡು ಹೋಗಬೇಕಾ ಬೇಡವಾ ಅನ್ನೋದನ್ನ ನಾನು ಹೇಳೋದಲ್ಲ, ಅವನನ್ನೇ ಕೇಳಿ.

ಹಳೇ_ಬ್ಯಾಚ್_ಡಾಕ್ಟರ್:
ಇದಕ್ಕೆ ನಾನು ಸೇರಿಸೋದು ಏನೂ ಇಲ್ಲ. ತಮ್ಮನ್ನ ಕೇಳಿ ಅನ್ನೋದೇ ಸರಿ.

ತುಂಗಾ_ತೀರ:
ಕಾಗದದ ವಿಷಯ ಗೊತ್ತಿರಲಿಲ್ಲ. ಅದನ್ನ ಚಿತ್ರದ ಪಕ್ಕ ದೊಡ್ಡದಾಗಿ ಬರೆದು ಹಾಕಬೇಕು, ಚಿತ್ರಕ್ಕಿಂತ ದೊಡ್ಡದಾಗಿ. ನನ್ನ ಅಭಿಪ್ರಾಯ ಬದಲಾಗಿಲ್ಲ, ಆದರೆ ಚರ್ಚೆ ಬೆಳೆಸಲ್ಲ.

ಬಜೆಟ್_ಬಸವ:
ಗಂಭೀರ ಮಾತಿನ ಮಧ್ಯೆ ಕ್ಷಮಿಸಿ. ಅಲ್ಲಿ ಡ್ರಾಕುಲಾ ಚಿತ್ರ ಇದೆ ಅಂತಾರಲ್ಲ, ನಿಜಾನಾ ಸುಮ್ನೆ ಗಾಳಿಸುದ್ದಿನಾ?

ಇನ್_ನದಿಯ_ದಂಡೆ:
ನಿಜ. ಡ್ರಾಕುಲಾ ಅಂತ ಕರೆಸಿಕೊಂಡವನು, ಈಗಿನ ರೊಮೇನಿಯಾದ ವಾಲೇಕಿಯಾ ಪ್ರಾಂತ್ಯದ ದೊರೆ ಮೂರನೇ ವ್ಲಾಡ್, ಶತ್ರುಗಳನ್ನ ಶೂಲಕ್ಕೇರಿಸುತ್ತಿದ್ದವನು. ಉದ್ದ ಮೀಸೆ, ಮುತ್ತು ಪೋಣಿಸಿದ ಕೆಂಪು ಟೋಪಿ, ದೊಡ್ಡ ಕಣ್ಣು. ಅವನು ಬದುಕಿದ್ದಾಗ ಬರೆದ ಮೂಲ ಚಿತ್ರ ಕಳೆದುಹೋಗಿದೆ, ಇದು ಹದಿನಾರನೇ ಶತಮಾನದ ಪ್ರತಿ. ಇಂಟರ್‌ನೆಟ್‌ನಲ್ಲಿ ಎಲ್ಲರೂ ಹಾಕುವ ವ್ಲಾಡ್ ಮುಖ ಇದೇ. ಕೋರೆಹಲ್ಲು ಇಲ್ಲ, ನಿರಾಸೆ ಮಾಡಿಕೊಳ್ಳಬೇಡಿ.

ಹೊನ್ನಾವರದ_ಹೊಳೆ:
ಮಾರಾಯ್ರೇ, ವೆಲ್ಸರ್ ಅನ್ನೋ ಹೆಸರು ಕಂಡ ಕೂಡಲೇ ನಾನು ಎದ್ದು ಕೂತೆ. ನಮ್ಮೂರಿಗೂ ಆ ಮನೆತನಕ್ಕೂ ಹಳೇ ಲೆಕ್ಕ ಇದೆ!

ಕೇಳಿ. 1505ರಲ್ಲಿ ಪೋರ್ಚುಗೀಸರ ಮೊದಲ ವೈಸ್‌ರಾಯ್ ಫ್ರಾನ್ಸಿಸ್ಕೊ ಡಿ ಅಲ್ಮೇಡ ದೊಡ್ಡ ಹಡಗು ಪಡೆ ಕಟ್ಟಿಕೊಂಡು ಲಿಸ್ಬನ್ನಿಂದ ಹೊರಟ. ಅದರಲ್ಲಿ ಮೂರು ಹಡಗುಗಳಿಗೆ ದುಡ್ಡು ಹಾಕಿದ್ದು ಜರ್ಮನ್ ಮತ್ತು ಇಟಲಿಯ ವ್ಯಾಪಾರಿಗಳು, ಜರ್ಮನರಲ್ಲಿ ದೊಡ್ಡ ಪಾಲು ಆಗ್ಸ್‌ಬರ್ಗಿನ ವೆಲ್ಸರ್ ಕಂಪನಿಯದ್ದು. ಆಗ ಆ ಕಂಪನಿಯ ಯಜಮಾನ ಆಂಟನ್ ವೆಲ್ಸರ್. ಇದೇ ಫಿಲಿಪ್ಪೀನಳ ಅಜ್ಜ. ಎಲ್ಲ ಯಾವುದಕ್ಕೆ? ಕಾಳುಮೆಣಸಿಗೆ. ಆ ಪಡೆ ಆಫ್ರಿಕಾದ ಕಿಲ್ವಾ, ಮೊಂಬಾಸಾ ಊರುಗಳನ್ನ ದೋಚಿಕೊಂಡು ಬಂದು ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ಲಂಗರು ಹಾಕಿತು. ಅಲ್ಲೊಂದು ಕೋಟೆ ಕಟ್ಟಿತು. ಅಲ್ಲಿಂದ ಕೆಳಗೆ ಇಳಿದು ಹೊನ್ನಾವರಕ್ಕೆ ಬಂದು, ಅಕ್ಟೋಬರ್‌ನಲ್ಲಿ, ಹೊಳೆಯಲ್ಲಿ ನಿಂತಿದ್ದ ಹಡಗುಗಳಿಗೆ ಬೆಂಕಿ ಇಟ್ಟಿತು. ಆಮೇಲೆ ಕಣ್ಣಾನೂರು, ಕೊಚ್ಚಿ, ಮೆಣಸು ತುಂಬಿಸಿಕೊಂಡು ವಾಪಸು.

ಈ ಪಡೆಯಲ್ಲಿ ವೆಲ್ಸರ್ ಕಂಪನಿಯ ಏಜೆಂಟನಾಗಿ ಬಾಲ್ಥಸಾರ್ ಸ್ಪ್ರೆಂಗರ್ ಅನ್ನುವವನು ಇದ್ದ. ಅವನು ಬಂದದ್ದು ಎಲ್ಲಿಂದ ಗೊತ್ತಾ? ಟಿರೋಲ್‌ನ ವಿಲ್ಸ್ ಅನ್ನೋ ಊರಿಂದ! ವಾಪಸು ಹೋದ ಮೇಲೆ 1509ರಲ್ಲಿ ತನ್ನ ಪ್ರಯಾಣದ ಪುಸ್ತಕ ಅಚ್ಚು ಹಾಕಿಸಿದ. ಅಂದ್ರೆ ಆ ರಾಣಿಯ ಅಡುಗೆಮನೆಯ ಮೆಣಸಿಗೂ ನಮ್ಮ ಶರಾವತಿಯ ಹೊಳೆಬಾಯಿಗೂ ಸಂಬಂಧ ಇದೆ. ಆಮೇಲೆ ಅದೇ ಶತಮಾನದಲ್ಲಿ ನಮ್ಮ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನ ಪೋರ್ಚುಗೀಸರು ಮೆಣಸಿನ ರಾಣಿ ಅಂತ ಕರೆದರು. ಅಲ್ಲಿ ಮೆಣಸು ಮಾರಿದ ಮನೆತನದ ಮಗಳು ಬೆಟ್ಟದ ಮೇಲಿನ ಕೋಟೆಯಲ್ಲಿ, ಇಲ್ಲಿ ಮೆಣಸು ಬೆಳೆದ ನಾಡಿನ ರಾಣಿ ಘಟ್ಟದ ಕೆಳಗೆ. ಹೆಚ್ಚುಕಡಿಮೆ ಒಂದೇ ಕಾಲ. ಒಟ್ಟಿನಲ್ಲಿ ಆಂಬ್ರಾಸ್ ಕಟ್ಟಿದ್ದು ನಮ್ಮ ಮೆಣಸಿನ ದುಡ್ಡಲ್ಲಿ ಅಂತಾಯ್ತು!

ಮ್ಯೂನಿಕ್_ಮಾವ:
ಅಲ್ಲಿ ಸ್ವಲ್ಪ ನಿಲ್ಲಿ. 1505ರ ವಿಷಯ ನೀವು ಹೇಳಿದ್ದು ಸರಿ. ಕೊನೇ ಸಾಲು ಮಾತ್ರ ಸರಿಯಿಲ್ಲ.

ಫಿಲಿಪ್ಪೀನ ಗುಟ್ಟಾಗಿ ಮದುವೆ ಆದವಳು, ವೆಲ್ಸರ್ ಕಂಪನಿಯ ಗಂಟು ಹೊತ್ತುಕೊಂಡು ಬಂದವಳಲ್ಲ. ಕೋಟೆಗೆ ಖರ್ಚು ಮಾಡಿದ್ದು ಫರ್ಡಿನೆಂಡ್. ಟಿರೋಲ್ ಶ್ರೀಮಂತ ಆಗಿದ್ದು ಬೆಳ್ಳಿಯಿಂದ. ಇನ್ಸ್‌ಬ್ರುಕ್ ಹತ್ತಿರದ ಶ್ವಾಟ್ಸ್ ಊರಿನ ಗಣಿ ಆ ಕಾಲಕ್ಕೆ ಯುರೋಪಿನ ಅತಿ ದೊಡ್ಡ ಬೆಳ್ಳಿ, ತಾಮ್ರದ ಗಣಿಗಳಲ್ಲಿ ಒಂದು. ಪಕ್ಕದ ಹಾಲ್ ಊರಿನಲ್ಲಿ ಟಂಕಸಾಲೆ ಮತ್ತು ಉಪ್ಪಿನ ಗಣಿ. ಫರ್ಡಿನೆಂಡನ ಹೊತ್ತಿಗೆ ಬೆಳ್ಳಿ ಕಡಿಮೆ ಆಗ್ತಾ ಬಂದಿತ್ತು, ಆದರೆ ಅವನ ಖರ್ಚು ಕಡಿಮೆ ಆಗಲಿಲ್ಲ. ಸಾಲ, ತೆರಿಗೆ. ಅಂದ್ರೆ ಆಂಬ್ರಾಸ್ ಕಟ್ಟಿದ್ದು ಟಿರೋಲ್‌ನ ಗಣಿ ಕೂಲಿಯವನ ಬೆವರಲ್ಲಿ. ಅವನ ಪಾಲನ್ನ ಹೊನ್ನಾವರಕ್ಕೆ ಬರೆದುಕೊಡಬೇಡಿ ಸ್ವಾಮಿ.

ಹೊನ್ನಾವರದ_ಹೊಳೆ:
ಆಯ್ತು ಮಾವ, ಗಣಿಯವನ ಪಾಲು ಗಣಿಯವನಿಗೇ ಇರಲಿ. ಆದರೆ ಬೆಳ್ಳಿಯನ್ನೂ ಬಿಡುವ ಹಾಗಿಲ್ಲ, ಯಾಕಂದ್ರೆ ಪೋರ್ಚುಗೀಸರು ಮೆಣಸು ಕೊಳ್ಳೋಕೆ ಜರ್ಮನರ ಹತ್ತಿರ ತಗೊಂಡಿದ್ದೇ ಬೆಳ್ಳಿ ಮತ್ತು ತಾಮ್ರ. ಮಲಬಾರಿನಲ್ಲಿ ತಾಮ್ರಕ್ಕೆ ಬೇಡಿಕೆ ಇತ್ತು. ಗಣಿಯ ತಾಮ್ರ ಹೀಗೆ ಬಂತು, ಘಟ್ಟದ ಮೆಣಸು ಹಾಗೆ ಹೋಯ್ತು. ಇದೇ ವೆಲ್ಸರ್‌ಗಳು ಆಮೇಲೆ 1528ರಿಂದ ವೆನೆಜುವೆಲಾವನ್ನೇ ಗುತ್ತಿಗೆ ಹಿಡಿದರು, ಗುಲಾಮರ ವ್ಯಾಪಾರಕ್ಕೂ ಕೈ ಹಾಕಿದರು. ಕೋಟೆಯ ಬಚ್ಚಲುಮನೆ ಚೆಂದ ಅಂತ ನೋಡಿ, ಬೇಡ ಅನ್ನಲ್ಲ, ಹೆಣ್ಣುಮಗಳ ತಪ್ಪೂ ಏನಿಲ್ಲ. ಮನೆತನದ ಹೆಸರು ಓದುವಾಗ ಮಾತ್ರ ಇಷ್ಟು ನೆನಪಿರಲಿ.

ಮ್ಯೂನಿಕ್_ಮಾವ:
ತಾಮ್ರದ ಮಾತು ಒಪ್ಪಿದೆ.

ಡ್ಯಾನ್ಯೂಬ್_ದಾಸ:
ವಿಯೆನ್ನಾದಿಂದ ಒಂದು ಮಾತು. ಆಂಬ್ರಾಸ್ ನೋಡುವವರು ಒಂದು ತಿಳ್ಕೊಳ್ಳಿ, ಅಲ್ಲಿ ಈಗ ಇರೋದು ಉಳಿದದ್ದು. ಒಳ್ಳೊಳ್ಳೇದೆಲ್ಲ ನಮ್ಮೂರಿಗೆ ಬಂದಿದೆ.

ಫರ್ಡಿನೆಂಡ್ ಸತ್ತ ಮೇಲೆ ಅವನ ಮಗ ಕಾರ್ಲ್ ಕೈಗೆ ಬಂತು. ಅವನಿಗೆ ಇದೆಲ್ಲ ಅಷ್ಟಕ್ಕಷ್ಟೇ, 1606ರಲ್ಲಿ ಚಕ್ರವರ್ತಿ ಎರಡನೇ ರುಡಾಲ್ಫನಿಗೆ ಮಾರಿದ. ಆದರೂ ವಸ್ತುಗಳು ಆಂಬ್ರಾಸ್‌ನಲ್ಲೇ ಇದ್ದವು. 1806ರಲ್ಲಿ ನೆಪೋಲಿಯನ್ ಗಲಾಟೆಯಲ್ಲಿ ಟಿರೋಲ್ ಬವೇರಿಯಾ ಪಾಲಾದಾಗ ಸಿಕ್ಕಿದ್ದನ್ನ ಬಾಚಿ ವಿಯೆನ್ನಾಕ್ಕೆ ಸಾಗಿಸಿದರು. ಕೋಟೆಯನ್ನ ಸೈನಿಕರ ಆಸ್ಪತ್ರೆ, ಬ್ಯಾರಕ್ ಮಾಡಿದ ಕಾಲವೂ ಇತ್ತು. ಹತ್ತಿರದ ಟುಮ್ಮೆಲ್‌ಪ್ಲಾಟ್ಸ್ ಕಾಡಿನಲ್ಲಿ ಆ ಆಸ್ಪತ್ರೆಯಲ್ಲಿ ಸತ್ತ ಸಾವಿರಾರು ಸೈನಿಕರ ಸ್ಮಶಾನ ಇದೆ. ಮತ್ತೆ ಮ್ಯೂಸಿಯಂ ಆಗಿ ಬಾಗಿಲು ತೆಗೆದಿದ್ದು 1880ರಲ್ಲಿ.

ಬಂದದ್ದರಲ್ಲಿ ಅತಿ ಹೆಸರುವಾಸಿ ಅಂದ್ರೆ ಇಟಲಿಯ ಶಿಲ್ಪಿ ಚೆಲ್ಲಿನಿ ಮಾಡಿದ ಚಿನ್ನದ ಉಪ್ಪಿನ ಬಟ್ಟಲು. 1570ರಲ್ಲಿ ಫ್ರಾನ್ಸಿನ ದೊರೆ ಒಂಬತ್ತನೇ ಚಾರ್ಲ್ಸ್ ಫರ್ಡಿನೆಂಡನಿಗೆ ಉಡುಗೊರೆ ಕೊಟ್ಟದ್ದು. ಈಗ ವಿಯೆನ್ನಾದ ಕಲಾ ಇತಿಹಾಸ ಮ್ಯೂಸಿಯಂನಲ್ಲಿದೆ. 2003ರಲ್ಲಿ ಕಳ್ಳನೊಬ್ಬ ಅದನ್ನ ಎತ್ತಿಕೊಂಡು ಹೋದ, 2006ರಲ್ಲಿ ಕಾಡಿನಲ್ಲಿ ಹೂತಿಟ್ಟ ಪೆಟ್ಟಿಗೆಯಲ್ಲಿ ಸಿಕ್ಕಿತು.

ಇನ್ನೊಂದು, ಮೆಕ್ಸಿಕೊದ ಗರಿಯ ಕಿರೀಟ. ಕ್ವೆಟ್ಜಾಲ್ ಹಕ್ಕಿಯ ಹಸಿರು ಗರಿ. ಅಲ್ಲಿನ ಅಜ್ಟೆಕ್ ದೊರೆ ಮೊಕ್ತೆಸುಮನದ್ದು ಅಂತ ಹೇಳ್ತಾ ಬಂದಿದ್ದಾರೆ. 1596ರಲ್ಲಿ ಆಂಬ್ರಾಸ್‌ನ ವಸ್ತುಗಳ ಪಟ್ಟಿ ಬರೆದ ಗುಮಾಸ್ತನಿಗೆ ಇದು ಏನು ಅಂತ ತಿಳೀದೆ "ಮೂರ್ ಜನರ ಟೋಪಿ", ಅಂದ್ರೆ ಉತ್ತರ ಆಫ್ರಿಕಾದ ಮುಸ್ಲಿಮರ ಟೋಪಿ, ಅಂತ ಬರೆದಿದ್ದ. ಮೆಕ್ಸಿಕೊ ವಾಪಸು ಕೊಡಿ ಅನ್ನುತ್ತೆ, ವಿಯೆನ್ನಾ ಸಾಗಿಸುವಾಗ ಅದುರಿ ಗರಿ ಉದುರುತ್ತೆ ಅನ್ನುತ್ತೆ. ಆ ಕಾಲದಲ್ಲಿ ಹಡಗಲ್ಲಿ ತರುವಾಗ ಅದುರಲಿಲ್ಲವಾ ಅಂತ ನನ್ನ ಹೆಂಡತಿ ಪ್ರತಿ ಸಲ ಕೇಳ್ತಾಳೆ.

ಇನ್_ನದಿಯ_ದಂಡೆ:
ದಾಸರೇ, "ಉಳಿದದ್ದು" ಅಂದುಬಿಟ್ಟಿರಿ, ಇಲ್ಲಿನವರ ಎದುರಿಗೆ ಹಾಗನ್ನಬೇಡಿ! ಸಾಗಿಸೋಕೆ ಆಗದ್ದು ಇಲ್ಲೇ ಇದೆಯಲ್ಲ. ಸ್ಪ್ಯಾನಿಷ್ ಹಾಲ್. 1569ರಿಂದ 1572ರ ಒಳಗೆ ಕಟ್ಟಿದ್ದು, 43 ಮೀಟರ್ ಉದ್ದ. ಗೋಡೆಯಲ್ಲಿ ಟಿರೋಲ್ ಆಳಿದ 27 ದೊರೆಗಳು ಆಳೆತ್ತರಕ್ಕೆ ನಿಂತಿದ್ದಾರೆ, ಕೊನೆಯವನು ಫರ್ಡಿನೆಂಡನೇ. ಮೇಲೆ ಮರದ ಕೆತ್ತನೆ ಚಾವಣಿ. ಬೇಸಿಗೆಯಲ್ಲಿ ಅಲ್ಲಿ ಹಳೇ ಕಾಲದ ಸಂಗೀತದ ಕಛೇರಿ ನಡೆಯುತ್ತೆ, ಟಿಕೆಟ್ ಸಿಕ್ಕರೆ ಬಿಡಬೇಡಿ. ಮೇಲಿನ ಕೋಟೆಯ ಒಳ ಅಂಗಳದ ಗೋಡೆಗಳ ತುಂಬ ಬೂದು ಬಣ್ಣದಲ್ಲೇ ಬರೆದ ಚಿತ್ರಗಳಿವೆ. ದೂರದಿಂದ ಕಲ್ಲಿನ ಕೆತ್ತನೆ ಅಂತಲೇ ಅನಿಸುತ್ತೆ, ಹತ್ತಿರ ಹೋದರೆ ಚಪ್ಪಟೆ ಗೋಡೆ.

ಕವಚಗಳ ಬಗ್ಗೆಯೂ ಒಂದು ಮಾತು. ಫರ್ಡಿನೆಂಡ್ ಹೆಸರಾಂತ ಸೇನಾಪತಿಗಳಿಗೆಲ್ಲ ಕಾಗದ ಬರೆಸುತ್ತಿದ್ದ, ನೀವು ಯುದ್ಧದಲ್ಲಿ ಹಾಕಿದ ಕವಚ ಕಳಿಸಿ, ಜೊತೆಗೆ ನಿಮ್ಮ ಚಿತ್ರ, ಜೀವನಚರಿತ್ರೆ ಕಳಿಸಿ ಅಂತ. ಅವನ ಕಾರ್ಯದರ್ಶಿ ಶ್ರೆಂಕ್‌ಗೆ ಇದೇ ಕೆಲಸ. ಹೀಗೆ ಸೇರಿದ ಕವಚಗಳ ಸಚಿತ್ರ ಪುಸ್ತಕ 1601ರಲ್ಲಿ ಅಚ್ಚಾಯಿತು. ಮ್ಯೂಸಿಯಂ ಕ್ಯಾಟಲಾಗ್ ಅನ್ನೋದರ ಅಜ್ಜ ಅದು. ಕವಚಗಳಲ್ಲಿ ಹೆಚ್ಚಿನವು ವಿಯೆನ್ನಾದಲ್ಲಿವೆ, ಒಪ್ಪಿದೆ. ಆದರೆ ಆಸ್ಥಾನದ ದೈತ್ಯ ಬಾರ್ಟಲ್‌ಮೆ ಬೋನ್‌ನ ಕವಚ ಇಲ್ಲೇ ಇದೆ. ಎರಡು ಮೀಟರಿಗೂ ಮೇಲೆ ಎತ್ತರ. ಅದರ ಪಕ್ಕ ನಿಂತು ಫೋಟೋ ತಗೊಳ್ಳಿ.

ಮೈಸೂರ್_ಪಾಕ:
ಮನೆಯಲ್ಲಿ ವೋಟ್ ಹಾಕಿದೆವು, ಆಂಬ್ರಾಸ್ ಗೆದ್ದಿದೆ. ಅಮ್ಮನ ವೋಟು ಬಿದ್ದದ್ದು ಬಚ್ಚಲುಮನೆಗೆ ಮತ್ತು ಅಡುಗೆ ಪುಸ್ತಕಕ್ಕೆ. ಇನ್ನು ಚಿಲ್ಲರೆ ಪ್ರಶ್ನೆಗಳು. ಎಷ್ಟು ಹೊತ್ತು ಬೇಕು? ತಂಗಿ ಮಗನಿಗೆ ಹದಿನೈದು, ಅವನಿಗೂ ಟಿಕೆಟ್ ಬೇಕಾ? ಅಪ್ಪ ಕೇಳ್ತಿದ್ದಾರೆ, ಗಂಡ ಹೆಂಡತಿ ಸಮಾಧಿ ಎಲ್ಲಿದೆ ಅಂತ.

ಇನ್_ನದಿಯ_ದಂಡೆ:
ಬೆಳಿಗ್ಗೆ ಹತ್ತಕ್ಕೆ ಬಾಗಿಲು ತೆಗೀತಾರೆ, ಆಗಲೇ ಹೋಗಿ, ಮಧ್ಯಾಹ್ನದವರೆಗೂ ಇಟ್ಟುಕೊಳ್ಳಿ. 19 ವರ್ಷದ ಒಳಗಿನವರಿಗೆ ಉಚಿತ. ಪಾರ್ಕ್‌ಗೆ ಯಾರಿಗೂ ಟಿಕೆಟ್ ಇಲ್ಲ, ಅಲ್ಲಿ ನವಿಲುಗಳು ಓಡಾಡ್ಕೊಂಡಿರ್ತವೆ, ಅಮ್ಮ ಬೆಂಚಿನ ಮೇಲೆ ಕೂತು ನೋಡಬಹುದು. ಜೂನ್ ಒಳ್ಳೇ ತಿಂಗಳು, ಮೇಲಿನ ಕೋಟೆಯ ಭಾವಚಿತ್ರಗಳ ಗ್ಯಾಲರಿ ಬೇಸಿಗೆಯಲ್ಲಷ್ಟೇ ತೆರೆದಿರುತ್ತೆ. ಮುಂದೆ ಇದನ್ನ ಓದುವವರಿಗೆ, ನವೆಂಬರ್‌ನಲ್ಲಿ ಹೋಗಬೇಡಿ, ಮುಚ್ಚಿರುತ್ತೆ.

ಸಮಾಧಿ ಊರೊಳಗೇ ಇದೆ, ಹೋಫ್‌ಕಿರ್ಖೆ ಚರ್ಚಿನಲ್ಲಿ. ಕೆಳಗೆ ಮ್ಯಾಕ್ಸಿಮಿಲಿಯನ್ ಚಕ್ರವರ್ತಿಯ ಖಾಲಿ ಸಮಾಧಿ, ಸುತ್ತ 28 ಕಂಚಿನ ವಿಗ್ರಹ. ಮೆಟ್ಟಿಲು ಹತ್ತಿದರೆ ಬೆಳ್ಳಿ ಚಾಪೆಲ್, ಅಲ್ಲಿ ಫಿಲಿಪ್ಪೀನ, ಫರ್ಡಿನೆಂಡ್ ಇಬ್ಬರೂ ಇದ್ದಾರೆ, ಬೇರೆ ಬೇರೆ ಸಮಾಧಿ. ಗೋಡೆಯ ಮೇಲೆ ಅವನ ಕವಚವನ್ನ ಮಂಡಿ ಊರಿ ಪ್ರಾರ್ಥನೆ ಮಾಡುವ ಹಾಗೆ ಕೂರಿಸಿದ್ದಾರೆ. ಆ ಮೆಟ್ಟಿಲು ಅಮ್ಮನಿಗೆ ಕಷ್ಟ ಆದ್ರೆ ಅಪ್ಪನ್ನ ಮಾತ್ರ ಕಳಿಸಿ, ಅಮ್ಮ ಕೆಳಗೆ ಕಂಚಿನವರ ಜೊತೆ ಇರಲಿ.

ಬಜೆಟ್_ಬಸವ:
ಎಲ್ಲ ಸರಿ. ಆ ಕಬ್ಬಿಣದ ಕುರ್ಚಿ ಮೇಲೆ ಕೂರೋಕೆ ಬಿಡ್ತಾರಾ?

ಇನ್_ನದಿಯ_ದಂಡೆ:
ಮುಟ್ಟೋಕೂ ಬಿಡಲ್ಲ. ವೈನ್ ಬೇಕಂದ್ರೆ ಕೆಫೆಯಲ್ಲಿ ಸಿಗುತ್ತೆ, ಕೈಕಾಲು ಕಟ್ಟದೇನೇ ಕೊಡ್ತಾರೆ, ಬಿಲ್ ಮಾತ್ರ ಕಟ್ಟಬೇಕು.